ಭಾವನವರ ಅರ್ಧ ಹಲ್ಲು

ನಮ್ಮ ಭಾವನವರು ಮೋಟಾರ್ ಸೈಕಲ್ ಓಡಿಸುತ್ತಾರೆ ಎಂದು ಹಂಸಭಾವಿಯ ಜನ ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. ಅವರು ಮೋಟಾರ್ ಸೈಕಲ್ ನಿಲ್ಲಿಸುತ್ತಾರೆ. ನಿಲ್ಲಿಸಿ, ಕೆಳಗಿಳಿದು, ಅದರ ಎಡ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು, ಅಂಗಿಯ ಜೇಬಿನಿಂದ ಹತ್ತು ನಂಬರಿನ ಪಾನಾ ತೆಗೆದು, ಗೇರ್ ಪೆಡಲಿನ ಬೋಲ್ಟು ಸಡಿಲಿಸಿ, ಪೆಡಲನ್ನು ಒಂದಿಷ್ಟು ಮೇಲೋ ಕೆಳಗೋ ಕೂರಿಸಿ, ಬಿಗಿದು, ಮತ್ತೆ ಹತ್ತಿ ಹೊರಡುತ್ತಾರೆ. ಹೀಗೆ ಎರಡು ಸಲ ನಿಲ್ಲುವುದರ ನಡುವೆ ಏನು ನಡೆಯುತ್ತದೆಯೋ ಅದನ್ನೇ ಜನ ಓಡಿಸುವುದು ಎಂದು ತಿಳಿದಿದ್ದಾರೆ.

ಅವರು ನನ್ನ ಅಕ್ಕನ ಗಂಡ. ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿ, ಹಿರೇಕೆರೂರು ಸುತ್ತಿನ ಹಳ್ಳಿಗಳ ಎತ್ತು, ಎಮ್ಮೆ, ಆಡುಗಳ ಕಾಲು ಹಿಡಿದು ನೋಡುತ್ತ ಸರ್ವಿಸು ಮುಗಿಸಿದವರು. ನಾನು ಹಾನಗಲ್ಲಿನ ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದೆ. ಐದಕ್ಕೆ ಏಳುವುದು, ಆರಕ್ಕೆ ನಡೆಯುವುದು, ಎಂಟಕ್ಕೆ ತಿನ್ನುವುದು, ಶನಿವಾರ ಗಾಡಿ ತೊಳೆಯುವುದು ನನ್ನ ಪದ್ಧತಿ. ಕೂರಿಸಿದ್ದನ್ನು ಕೂರಿಸಿದ ಜಾಗದಲ್ಲಿ ಬಿಡಬೇಕು ಎಂಬುದು ನನ್ನ ಮತ. ಕೂರಿಸಿದ್ದನ್ನು ಇನ್ನೊಂದು ಸಲ ಕೂರಿಸಬೇಕು ಎಂಬುದು ಅವರದು. ಅವಳ ಮದುವೆಗೆ ಮುಂಚೆ ನಾನು, ಆಮೇಲೆ ಅವರು, ಒಂದೇ ಹೆಣ್ಣುಮಗಳ ಕೈಯೂಟದಿಂದ ಬದುಕಿದ್ದೇವೆ ಎಂಬುದೊಂದೇ ನಮ್ಮ ನಡುವಿನ ಹೋಲಿಕೆ.

ಅವರ ಬಗ್ಗೆ ಈಗ ಬರೆಯಲು ಕಾರಣವಿದೆ. ಈ ವರ್ಷ ಮಳೆ ಶುರುವಾಗುವ ಹೊತ್ತಿಗೆ ಭಾವನವರು ಜಾರಿ ಬಿದ್ದರು. ಗಾಡಿಯ ಮೇಲಿಂದ ಅಲ್ಲ, ಅದರ ಮೇಲಿಂದ ಅವರು ಜನ್ಮದಲ್ಲಿ ಬಿದ್ದಿಲ್ಲ. ಬಚ್ಚಲ ಮನೆಯಲ್ಲಿ ಬಿದ್ದು ಬಲತೊಡೆಯ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು. ದಿನಾ ಎದ್ದು ನಡೆಯಬೇಕು, ನಡೆಯದಿದ್ದರೆ ಕಾಲು ಗಡುಸಾಗಿ ಆಮೇಲೆ ಕುರ್ಚಿಯೇ ಗತಿ ಎಂದು ಡಾಕ್ಟರರು ಹೇಳಿದರು. ಭಾವನವರು ಯೋಚಿಸಿ ಕುರ್ಚಿಯನ್ನು ಆರಿಸಿಕೊಂಡರು. ಕಾರಣ ಕೇಳಿದರೆ, ಡಾಕ್ಟರರು ಕಾಲನ್ನು ಅರ್ಧ ಹಲ್ಲು ಎತ್ತರ ಕೂಡಿಸಿದ್ದಾರಂತೆ! ಅಂಥ ಕಾಲಿನ ಮೇಲೆ ನಿಲ್ಲುವುದು ತಮ್ಮಿಂದಾಗದಂತೆ.

ಹಾಗಾದರೆ ಈ ಅರ್ಧ ಹಲ್ಲು ಎಂದರೇನು? ಅದನ್ನು ಮೊದಲು ಹೇಳಿಬಿಡುತ್ತೇನೆ. ಅದು ತಿಳಿಯದೆ ಭಾವನವರು ತಿಳಿಯುವುದಿಲ್ಲ.

ಗಾಡಿಯ ಎಂಜಿನ್ನಿನಿಂದ ಎಡಕ್ಕೆ ಒಂದು ಸಣ್ಣ ಕಬ್ಬಿಣದ ದಂಡ ಹೊರಗೆ ಚಾಚಿರುತ್ತದೆ. ಅದರ ಸುತ್ತ ಸಣ್ಣ ಸಣ್ಣ ಹಲ್ಲುಗಳು. ಗೇರ್ ಪೆಡಲಿನ ತೂತಿನಲ್ಲೂ ಅಂಥವೇ ಹಲ್ಲುಗಳು. ಒಂದಕ್ಕೊಂದು ಹೊಂದಿಸಿ ತೂರಿಸಿ ಬಿಗಿದರೆ ಕೆಲಸ ಮುಗಿಯಿತು. ಪೆಡಲು ಎತ್ತರವಾಯಿತೆನಿಸಿದರೆ ಬಿಚ್ಚಿ ಒಂದು ಹಲ್ಲು ಕೆಳಗೆ ತೂರಿಸಬೇಕು. ಇಷ್ಟೇ ಶಾಸ್ತ್ರ. ಜಗತ್ತಿನಲ್ಲಿ ಕೋಟ್ಯಂತರ ಜನರಿಗೆ ಇಷ್ಟೂ ಗೊತ್ತಿಲ್ಲ, ಆದರೂ ಅವರು ಹೋಗಬೇಕಾದ ಕಡೆ ಹೋಗಿ ಮುಟ್ಟುತ್ತಾರೆ.

ಭಾವನವರ ತಕರಾರು ಏನೆಂದರೆ, ಒಂದು ಹಲ್ಲು ಇಳಿಸಿದರೆ ಪೆಡಲು ತಗ್ಗಾಗುತ್ತದೆ, ಏರಿಸಿದರೆ ಎತ್ತರವಾಗುತ್ತದೆ. ಅವರಿಗೆ ಬೇಕಾದದ್ದು ಎರಡರ ನಡುವೆ. ಅಂದರೆ ಅರ್ಧ ಹಲ್ಲು. ಆ ಅರ್ಧ ಹಲ್ಲನ್ನು ಯಾವ ಕಂಪನಿಯೂ ಮಾಡಿಲ್ಲ.

"ಒಂದರ ಮ್ಯಾಲ ಎರಡು ಅಂತ ಎಣಸ್ತಾರ," ಎನ್ನುತ್ತಿದ್ದರು ಅವರು. "ನಡುವ ಎಷ್ಟು ಜಾಗ ಐತಿ ಅಂತ ಒಬ್ಬರೂ ನೋಡೂದಿಲ್ಲ. ಮನಷ್ಯಾನ ಕಾಲು ಆ ಜಾಗದಾಗ ಇರ್ತೈತ್ರಿ ಮಾಸ್ತರ."

ಮಾಸ್ತರ ಎಂದರೆ ನಾನು. ಅಕ್ಕನ ಮದುವೆಯಾದಾಗ ನಾನಿನ್ನೂ ಮಾಸ್ತರನಾಗಿರಲಿಲ್ಲ. ಆಗಲೂ ಹಾಗೇ ಕರೆಯುತ್ತಿದ್ದರು. ಬಹುಶಃ ನಾನು ಅವರ ಮದುವೆಯ ಹಂದರದಲ್ಲಿ ಊಟದ ಸಾಲುಗಳನ್ನು ದಾರ ಹಿಡಿದು ನೆಟ್ಟಗೆ ಮಾಡಿಸಿದ್ದು ಕಾರಣವಿರಬೇಕು.

ಪೆಡಲಿನಲ್ಲಿ ಅರ್ಧ ಹಲ್ಲು ಸಿಗದಿದ್ದಾಗ ಭಾವನವರು ಅದನ್ನು ಚಪ್ಪಲಿಯಲ್ಲಿ ಹುಡುಕಿದರು. ಹಿರೇಕೆರೂರಿಗೆ ಹೋಗಿ ಎಡಗಾಲಿನ ಚಪ್ಪಲಿಗೆ ಮಾತ್ರ ಒಂದು ಪದರು ಚರ್ಮ ಹೆಚ್ಚಿಗೆ ಹೊಲಿಸಿಕೊಂಡು ಬಂದರು. ಗಾಡಿಯ ಮೇಲೆ ಬಹಳ ಆರಾಮವಾಯಿತಂತೆ. ಕೆಳಗಿಳಿದರೆ ಮಾತ್ರ ಬಲಕ್ಕೆ ವಾಲುತ್ತಿದ್ದರು. ಬಜಾರಿನಲ್ಲಿ ಕಂಡವರೆಲ್ಲ "ಯಾಕ ಸಾಹೇಬ್ರ, ಸೊಂಟ ಹಿಡದೈತೇನು?" ಎಂದು ಕೇಳತೊಡಗಿದರು. ಉತ್ತರ ಹೇಳಿ ಹೇಳಿ ದಣಿದು, ಕಡೆಗೆ ಬಲ ಚಪ್ಪಲಿಗೂ ಒಂದು ಪದರು ಹಾಕಿಸಿದರು. ಆಗ ನೆಟ್ಟಗಾದರು. ಆದರೆ ಬಲಗಾಲಿನ ಬ್ರೇಕ್ ಪೆಡಲಿನ ಅಳತೆ ಕೆಟ್ಟಿತು! ಅದನ್ನು ಸರಿಮಾಡಲು ಒಂದು ವಾರ ಹಿಡಿಯಿತು. ನೀರಿನ ಕೊಡ ಹೊತ್ತು ಅಂಗಳಕ್ಕೆ ಬರುತ್ತಿದ್ದ ಅಕ್ಕ ಇದನ್ನೆಲ್ಲ ನೋಡಿ ಒಂದೇ ಮಾತು ಹೇಳಿದಳು:

"ಬರಿಗಾಲಿಲೆ ಹೊಡೀರಲ್ಲ."

ಭಾವನವರು ಅದನ್ನೂ ಪರೀಕ್ಷಿಸಿ ನೋಡಿದರು ಎಂದು ಬೇರೆ ಹೇಳಬೇಕಾಗಿಲ್ಲ.

ಒಮ್ಮೆ ನಾನು ಅವರ ಹಿಂದೆ ಕೂತು ಸವಣೂರಿಗೆ ಒಂದು ಮದುವೆಗೆ ಹೋದೆ. ಒಮ್ಮೆ ಎಂದರೆ ಒಮ್ಮೆ ಮಾತ್ರ. ಅಕ್ಷತೆ ಹನ್ನೊಂದೂವರೆಗೆ ಇತ್ತು. ಹಂಸಭಾವಿಯಿಂದ ಅವರು ಹಾನಗಲ್ಲಿಗೆ ಬಂದು ನನ್ನನ್ನು ಹತ್ತಿಸಿಕೊಂಡಾಗ ಎಂಟು. ದಾರಿಗೆ ಎಷ್ಟು ಹೊತ್ತು ಬೇಕೆಂದು ಹಿಂದಿನ ದಿನವೇ ಚೀಟಿಯಲ್ಲಿ ಬರೆದುಕೊಂಡಿದ್ದೆ. ಊರು ದಾಟುವ ಮೊದಲೇ ಒಂದು ಸಲ ಇಳಿದರು. ಆಮೇಲೆ ಒಂದು ಹುಣಸೆಮರದ ಕೆಳಗೆ. ಆಮೇಲೆ ಮರವೇ ಇಲ್ಲದ ಕಡೆ, ಗೋವಿನಜೋಳದ ಹೊಲದ ಬದಿಗೆ, ಬಿಸಿಲಿನಲ್ಲಿ.

"ಭಾವಾರ, ಇದು ಮೂರನೇ ಸಲ," ಎಂದೆ.

"ನೀವು ಹಿಂದ ಕುಂತೀರಲ್ಲ, ಗಾಡಿ ಹಿಂದ ಕುಂದ್ರತೈತಿ. ಹಿಂದ ಕುಂತ್ರ ಮುಂದ ಏಳ್ತೈತಿ. ಮುಂದ ಎದ್ರ ನನ್ನ ಕಾಲು ತಿರಗತೈತಿ. ಇದು ನಿಮ್ಮ ತೂಕದ ತಪ್ಪು, ನಂದಲ್ಲ."

ಶಿಗ್ಗಾವಿಯಲ್ಲಿ ಚಹಾ ಕುಡಿಯಲು ಇಳಿದೆವು. ನಾನು ಚಹಾ ಕುಡಿದೆ, ಅವರು ಪೆಡಲು ಇಳಿಸಿದರು. ಮುಂದೆ ಸವಣೂರು ಒಂದೆರಡು ಮೈಲಿ ಇದೆ ಎನ್ನುವಾಗ ಏರಿಸಿದರು. ನಾವು ಹಂದರದ ಬಾಗಿಲಿಗೆ ಹೋದಾಗ ಜನ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಹೊರಗೆ ಬರುತ್ತಿದ್ದರು. ಮದುಮಗನ ಅಪ್ಪ ನಮ್ಮನ್ನು ನೋಡಿ, "ಬರ್ರಿ ಬರ್ರಿ, ಎರಡನೇದವನ ಮದವಿಗೆ ಹೊತ್ತಿಗೆ ಸರಿ ಬಂದ್ರಿ," ಎಂದ.

ಅಲ್ಲಿ ನಡೆದದ್ದನ್ನೂ ಹೇಳಬೇಕು. ಊಟವಾದ ಮೇಲೆ ಭಾವನವರು ಕಾಣಲಿಲ್ಲ. ಹುಡುಕಿಕೊಂಡು ಹೊರಗೆ ಬಂದರೆ, ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದ ಬೇವಿನ ಮರದ ಕೆಳಗೆ ಪಾನಾ ಹಿಡಿದು ಕೂತಿದ್ದರು. ಯಾರದೋ ಗಾಡಿ. ಯಾರದೆಂದು ಅವರಿಗೂ ಗೊತ್ತಿಲ್ಲ.

"ಇವರು ಇಳಿಯೂದು ನೋಡಿದ್ನಿರಿ," ಎಂದರು ಪಿಸುದನಿಯಲ್ಲಿ. "ಇಳದ ಕೂಡಲೇ ಮೀನಖಂಡ ತಿಕ್ಕೊಂಡ್ರು. ಪೆಡಲ ಎಷ್ಟು ಎತ್ತರ ಐತಿ ನೋಡ್ರಿಲ್ಲಿ. ಪಾಪ, ಎಷ್ಟು ವರ್ಷದಿಂದ ತಿಕ್ಕೊಳ್ಳಾಕತ್ತಾರೋ."

ನಾನು ಅವರ ರಟ್ಟೆ ಹಿಡಿದು ಎಬ್ಬಿಸುವಷ್ಟರಲ್ಲಿ ಆ ಗಾಡಿಯ ಧಣಿ ಬಂದೇಬಿಟ್ಟ. ದಪ್ಪ ಮೀಸೆಯ, ಎತ್ತರದ ಗೃಹಸ್ಥ. ನಾವಿಬ್ಬರೂ ಮರದ ಎಲೆಗಳನ್ನು ನೋಡುತ್ತ ನಿಂತೆವು. ಆತ ಗಾಡಿ ಹತ್ತಿದ, ಚಾಲೂ ಮಾಡಿದ, ಗೇರ್ ಹಾಕಿದ. ನಾಲ್ಕು ಮಾರು ಹೋದವನು ನಿಂತ. ತಿರುಗಿ ಬಂದ. ಇಳಿದು, ಗಾಡಿಯನ್ನು ಸುತ್ತು ಹಾಕಿ ನೋಡಿ, ನಮ್ಮ ಕಡೆ ತಿರುಗಿದ.

"ಯಜಮಾನ್ರ, ಇಲ್ಲೇ ನಿಂತೀರಲ್ಲ, ಇಂಥದ ಇನ್ನೊಂದು ಕರೀ ಗಾಡಿ ನೋಡೀರೇನು? ಯಾರೋ ಅದಲಾಬದಲಿ ಮಾಡ್ಯಾರ. ಇದು ನಂದಲ್ಲ."

"ಹೆಂಗ ಹೇಳ್ತೀರಿ?" ಎಂದು ಕೇಳಿದೆ.

"ನನ್ನ ಗಾಡಿ ಇಷ್ಟು ಆರಾಮ ಇಲ್ಲರಿ."

ಆತನಿಗೆ ಅದು ಆತನದೇ ಎಂದು ನಂಬರು ತೋರಿಸಿ, ಕಾಗದ ತೆಗೆಸಿ, ಒಪ್ಪಿಸುವ ಹೊತ್ತಿಗೆ ಮೂರು ಗಂಟೆ. ಭಾವನವರು ಮಾತ್ರ ಮನೆ ಮುಟ್ಟುವ ತನಕ ಸಿಳ್ಳೆ ಹಾಕುತ್ತ ಬಂದರು. ಬರುವಾಗ ಒಂದು ಸಲವೂ ಇಳಿಯಲಿಲ್ಲ.

ಇನ್ನೊಂದು ಸಲ, ನಮ್ಮ ಎರಡೂ ಮನೆಯವರು ಸೇರಿ ಗೊಟಗೋಡಿಯ ತೋಟಕ್ಕೆ ಹೋಗಿದ್ದೆವು. ಹಳ್ಳಿಯ ಬಾಳನ್ನು ಮೂರ್ತಿಗಳಲ್ಲಿ ಮಾಡಿಟ್ಟಿರುವ ತೋಟ ಅದು. ಎಲ್ಲರೂ ಎಲ್ಲವನ್ನೂ ನೋಡಿ ಬಂದರೂ ಭಾವನವರು ಒಂದೇ ಕಡೆ ನಿಂತಿದ್ದರು, ಕೂತ ಭಂಗಿಯ ಒಬ್ಬ ರೈತನ ಮೂರ್ತಿಯ ಎದುರಿಗೆ. ನಾನು ಗಡಿಯಾರ ತೋರಿಸಿದೆ.

"ತಡೀರಿ ಮಾಸ್ತರ. ಇಡೀ ಜಿಲ್ಲಾದಾಗ ಸರಿಯಾಗಿ ಕುಂತಾಂವ ಇವನೊಬ್ಬನ."

ಇಂಥವರ ಕೈಗೆ ನನ್ನ ಗಾಡಿ ಸಿಗದ ಹಾಗೆ ನಾನು ಎಷ್ಟು ಎಚ್ಚರ ವಹಿಸಿರಬೇಕು! ಗಾಡಿ ಕೊಂಡ ದಿನವೇ ಅವರಿಗೆ ಹೇಳಿದ್ದೆ, "ಭಾವಾರ, ಇದಕ್ಕ ಕೈ ಹಚ್ಚಂಗಿಲ್ಲ. ಕಂಪನಿಯವರು ಓದಿದವರು. ಅವರು ಹೆಂಗ ಕೂಡಿಸ್ಯಾರ ಹಂಗ ಇರಬೇಕು."

"ಆತ್ರಿ," ಎಂದರು. ಇಷ್ಟು ಸುಲಭವಾಗಿ ಅವರು ಯಾವುದಕ್ಕೂ ಒಪ್ಪಿದವರಲ್ಲ. ಆಗಲೇ ನನಗೆ ಸಂಶಯ ಬರಬೇಕಾಗಿತ್ತು.

ಇಲ್ಲಿ ನನ್ನದೂ ಒಂದು ಸಂಗತಿ ಹೇಳಬೇಕು, ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ರಿಟೈರಾಗಲು ಎರಡು ವರ್ಷ ಇರುವಾಗ, ಎಂಟನೇ ಇಯತ್ತೆಯವರಿಗೆ ಎತ್ತರ ಜಿಗಿತ ತೋರಿಸಲು ಹೋಗಿ ನನ್ನ ಎಡಗಾಲಿನ ಹರಡು, ಅಂದರೆ ಪಾದದ ಕೀಲು, ಉಳುಕಿತು. ಉಳುಕು ಎಂದು ನಾನು ಅಂದುಕೊಂಡೆ. ಎದ್ದು, ಸೀಟಿ ಊದಿ, ಪೀರಿಯಡ್ ಮುಗಿಸಿಯೇ ಮನೆಗೆ ಬಂದೆ. ಅಂದಿನಿಂದ ಆ ಪಾದ ಪೂರ್ತಿ ಮೇಲಕ್ಕೆ ಬಾಗುವುದಿಲ್ಲ. ಡ್ರಿಲ್ ಮಾಸ್ತರನ ಕಾಲು ಕುಂಟುತ್ತದೆ ಎಂದರೆ ಹೇಗೆ? ನಡಿಗೆಯಲ್ಲಿ ಕಾಣದ ಹಾಗೆ ಅಭ್ಯಾಸ ಮಾಡಿಕೊಂಡೆ. ಮನೆಯಲ್ಲೂ ಹೇಳಲಿಲ್ಲ. ಹೇಳಿದ್ದರೆ ಗಾಡಿಯ ಕೀಲಿಕೈ ಕಸಿದುಕೊಳ್ಳುತ್ತಿದ್ದರು. ನೋವಿನ ಜೊತೆ ಗಾಡಿ ಓಡಿಸಿದೆ. ಒಂದಾರು ತಿಂಗಳಿಗೆ ನೋವು ಹೋಯಿತು. ಬೆಳಗಿನ ವ್ಯಾಯಾಮದ ಫಲ ಎಂದು ನನ್ನ ಮೇಲೆ ನನಗೆ ಅಭಿಮಾನವಾಯಿತು.

ತಿಂಗಳಿಗೆ ಒಂದು ಭಾನುವಾರ ಅಕ್ಕ, ಭಾವ ನಮ್ಮಲ್ಲಿಗೆ ಊಟಕ್ಕೆ ಬರುವ ರೂಢಿ. ಊಟವಾದ ಮೇಲೆ ಒಂದೂವರೆಯಿಂದ ಎರಡೂಕಾಲಿನ ತನಕ ನಾನು ಮಲಗುತ್ತೇನೆ. ಅಕ್ಕ ನನ್ನ ಹೆಂಡತಿಯ ಜೊತೆ ಒಳಗೆ ಮಾತಿಗೆ ಕೂರುತ್ತಾಳೆ. ಭಾವನವರು ಅಂಗಳದಲ್ಲಿ ಪೇಪರ್ ಓದುತ್ತಾರೆ. ನಾನು ಎದ್ದು ಬಂದಾಗ ಪೇಪರಿನ ಮಡಿಕೆ ಬಿಚ್ಚಿರುತ್ತಿರಲಿಲ್ಲ. ಅವರಿಗೂ ಕಣ್ಣು ಹತ್ತಿರಬೇಕು ಎಂದುಕೊಳ್ಳುತ್ತಿದ್ದೆ.

ಭಾವನವರು ಬಿದ್ದ ಮೇಲೆ ಆ ಭಾನುವಾರಗಳು ನಿಂತವು. ನಾನೇ ಒಂದೆರಡು ಸಲ ಬಸ್ಸಿನಲ್ಲಿ ಹೋಗಿ ನೋಡಿ ಬಂದೆ. ಪಡಸಾಲೆಯಲ್ಲಿ ಕುರ್ಚಿ, ಕುರ್ಚಿಯಲ್ಲಿ ಅವರು, ಎದುರಿಗೆ ನಾಲ್ಕು ಕಾಲಿನ ವಾಕರು. ವಾಕರಿನ ಮೇಲೆ ಅಕ್ಕ ಒಗೆದ ಬಟ್ಟೆ ಒಣಹಾಕಿದ್ದಳು.

"ಇದಕರ ಉಪಯೋಗ ಆಗಲಿ," ಎಂದಳು ನನ್ನ ಮುಖ ನೋಡಿ. ಆಮೇಲೆ ಅಡಿಗೆಮನೆಗೆ ಕರೆದು ಹೇಳಿದಳು, "ಮಗ ಹೇಳಿದ, ಸೊಸಿ ಹೇಳಿದಳು, ಡಾಕ್ಟರ್ ಬೈದ್ರು. ನಾಳೆ ನಾಳೆ ಅಂತಾರ. ಇನ್ನ ಒಂದು ತಿಂಗಳು ಹಿಂಗ ಕುಂತ್ರ ಎದ್ದೇಳೂದು ಮುಗೀತಂತ. ನೀ ಏನರ ಹೇಳಪಾ, ನೀ ಸಾವಿರ ಹುಡುಗರನ್ನ ಓಡಿಸಿದಾಂವ."

ನಾನು ಪಡಸಾಲೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಹೇಳಿದೆ, "ಭಾವಾರ, ನಾಳೆಯಿಂದ ಮುಂಜಾನೆ ಆರಕ್ಕ ಹತ್ತು ಹೆಜ್ಜಿ, ಸಂಜೀಕ ಹತ್ತು ಹೆಜ್ಜಿ."

"ಎಲ್ಲಿಗೆ?" ಎಂದರು.

ನಲವತ್ತು ವರ್ಷ ಮಕ್ಕಳನ್ನು ಮೈದಾನದ ಸುತ್ತ ಓಡಿಸಿದ್ದೇನೆ. ಎಲ್ಲಿಗೆ ಎಂದು ಒಬ್ಬನೂ ಕೇಳಿರಲಿಲ್ಲ.

ಹೀಗೆ ಮೂರು ತಿಂಗಳಾಗುತ್ತ ಬಂತು. ಅದೇ ಹೊತ್ತಿಗೆ ನನ್ನ ಎಡಪಾದ ಮತ್ತೆ ನೋಯತೊಡಗಿತು. ಮೊದಲು ಥಂಡಿ ಹವೆಯ ಮೇಲೆ ಹಾಕಿದೆ. ಆಮೇಲೆ ಕಾಲುಚೀಲದ ಮೇಲೆ. ಮುಂಜಾನೆಯ ವ್ಯಾಯಾಮ ಹತ್ತು ನಿಮಿಷ ಹೆಚ್ಚಿಸಿದೆ, ನೋವೂ ಅಷ್ಟೇ ಹೆಚ್ಚಿತು. ಒಂದು ದಿನ ಬಜಾರಿನಲ್ಲಿ ಗೇರ್ ಹಾಕಲು ಹೋದರೆ ಪೆಡಲು ಸರಕ್ಕನೆ ತಿರುಗಿ ಕೆಳಗೆ ಜೋತುಬಿತ್ತು. ಗಾಡಿ ನೂಕಿಕೊಂಡು ನಮ್ಮ ಓಣಿಯ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ.

ಮಿಸ್ತ್ರಿ ಬೋಲ್ಟು ಬಿಚ್ಚಿ, ಪೆಡಲು ಎಳೆದು, ತೂತಿನೊಳಗೆ ಬೆರಳಾಡಿಸಿ ನನ್ನನ್ನು ನೋಡಿದ.

"ಏನ್ರಿ ಮಾಸ್ತರ, ಇದನ್ನ ಎಷ್ಟು ಸಲ ಬಿಚ್ಚೀರಿ? ಹಲ್ಲು ಸವದು ಮುದುಕರ ಬಾಯಿ ಆಗೇತಿ."

"ಒಮ್ಮೆಯೂ ಬಿಚ್ಚಿಲ್ಲ. ಅದು ಕಂಪನಿ ಕೂಡಿಸಿದ್ದು, ಹಂಗ ಐತಿ."

"ಕಂಪನಿ?" ಅವನು ಪೆಡಲಿನ ತುದಿಯ ರಬ್ಬರನ್ನು ಬೆರಳಿನಿಂದ ಸುಲಿದ. ಒಳಗೆ ಹಳೆಯ ಸೈಕಲ್ ಟ್ಯೂಬಿನ ಒಂದು ಪಟ್ಟಿ ನೀಟಾಗಿ ಸುತ್ತಿತ್ತು, ಅಂಚಿಗೆ ಸಣ್ಣ ದಾರ ಕಟ್ಟಿತ್ತು. ದನದ ಕಾಲಿಗೆ ಪಟ್ಟಿ ಕಟ್ಟುವ ರೀತಿಯ ಗಂಟು. "ಕಂಪನಿಯವರು ಇದನ್ನ ಸುತ್ತತಾರೇನ್ರಿ? ಹಲ್ಲು ಒಂದು ಇಳಿಸಿ, ಈ ಟ್ಯೂಬಿಲೆ ಅರ್ಧ ಏರಿಸ್ಯಾರ. ಪಕ್ಕಾ ಕೆಲಸ. ತಿಂಗಳಿಗೊಮ್ಮೆ ಯಾರೋ ಬಿಚ್ಚಿ ಬಿಗಿತಿದ್ರು, ಅದಕ್ಕ ನಿಂತಿತ್ತು. ಈಗ ಬಿಟ್ಟಾರ, ಜಾರೇತಿ. ಯಾರವರು?"

ಆ ಪಟ್ಟಿಯನ್ನೇ ನೋಡುತ್ತ ನಿಂತೆ. ಗಾಡಿಯನ್ನು ಪ್ರತಿ ಶನಿವಾರ ತೊಳೆದಿದ್ದೇನೆ, ಆ ರಬ್ಬರನ್ನು ಬಟ್ಟೆಯಿಂದ ಒರೆಸಿದ್ದೇನೆ. ಕಂಪನಿಯದು ಎಂದು ತಿಳಿದವನು ಅದರೊಳಗೆ ಏನಿದೆ ಎಂದು ಯಾಕೆ ನೋಡುತ್ತಾನೆ?

ಅರ್ಧ ಹಲ್ಲು ಸಿಕ್ಕಿತ್ತು. ತಮ್ಮ ಗಾಡಿಗೆ ಜೀವಮಾನವೆಲ್ಲ ಹುಡುಕಿದ್ದನ್ನು ಭಾವನವರು ನನ್ನ ಗಾಡಿಯಲ್ಲಿ ಕಂಡುಹಿಡಿದಿದ್ದರು. ಹೇಳಿಕೊಳ್ಳುವ ಹಾಗಿರಲಿಲ್ಲ. ಕೈ ಹಚ್ಚಬಾರದೆಂದು ನಾನೇ ಹೇಳಿದ್ದೆನಲ್ಲ.

ಹೊಸ ಪೆಡಲು ಹಾಕಿಸಿ, ಟ್ಯೂಬಿನ ಪಟ್ಟಿಯನ್ನು ಹಳೆಯ ಹಾಗೇ ಸುತ್ತಿಸಿದೆ. ನೋವು ನಿಂತಿತು. ಅದರ ಮುಂದಿನ ಭಾನುವಾರ ಗಾಡಿ ತೆಗೆದುಕೊಂಡೇ ಹಂಸಭಾವಿಗೆ ಹೋದೆ. ಅಂಗಳದಲ್ಲಿ ನಿಲ್ಲಿಸಿ, ಸೀದಾ ಕುರ್ಚಿಯ ಮುಂದೆ ಹೋಗಿ ನಿಂತೆ.

"ಭಾವಾರ, ಯಾರನ್ನ ಕೇಳಿ ನನ್ನ ಗಾಡಿಗೆ ಕೈ ಹಚ್ಚಿದ್ರಿ?"

ಅವರು ಸ್ವಲ್ಪವೂ ಗಾಬರಿಯಾಗಲಿಲ್ಲ. "ಸಿಕ್ಕಿತೇನು?" ಎಂದರು.

"ಎಷ್ಟು ವರ್ಷ ಆತು?"

"ನಿಮ್ಮ ಕಾಲಿಗೆ ಎಷ್ಟು ವರ್ಷ ಆತೋ ಅಷ್ಟು."

"ನನ್ನ ಕಾಲಿಗೆ ಏನಾಗೇತಿ?"

ಭಾವನವರು ನಕ್ಕರು. "ನಾಕು ಕಾಲಿನವು ನನಗ ಬಾಯಿ ಬಿಟ್ಟು ಹೇಳ್ತಿದ್ವೇನ್ರಿ, ಎಡಗಾಲು ನೋಯಾಕತ್ತೈತಿ ಅಂತ? ನಡಿಯೂದು ನೋಡಿ ತಿಳಕೋತಿದ್ನಿ. ಎರಡು ಕಾಲಿನವರೂ ಅಷ್ಟ, ಹೇಳೂದಿಲ್ಲ. ಅದರಾಗೂ ಮಾಸ್ತರ ಮಂದಿ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಅಕ್ಕಗ ಹೇಳಿಲ್ಲ, ಕಾಳಜಿ ಬ್ಯಾಡ," ಎಂದರು.

ಅಕ್ಕ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅದು ಬೇರೆ ಮಾತು.

ಅವರು ಕುರ್ಚಿಯಲ್ಲಿ ಕೂತಲ್ಲಿಂದಲೇ ಕತ್ತು ಉದ್ದ ಮಾಡಿ, ಬಾಗಿಲಾಚೆ ಅಂಗಳದಲ್ಲಿ ನಿಂತಿದ್ದ ನನ್ನ ಗಾಡಿಯನ್ನು ನೋಡುತ್ತಿದ್ದರು. ಮೂರು ತಿಂಗಳಲ್ಲಿ ಅವರು ಯಾವುದನ್ನಾದರೂ ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಈಗ ಹೆಂಗೈತಿ?" ಎಂದು ಕೇಳಿದರು. "ಮಿಸ್ತ್ರಿ ಸರಿ ಕೂಡಿಸ್ಯಾನೇನು?"

ಮಿಸ್ತ್ರಿ ಸರಿಯಾಗಿಯೇ ಕೂರಿಸಿದ್ದ. ಹಾನಗಲ್ಲಿನಿಂದ ಹಂಸಭಾವಿಯ ತನಕ ನನ್ನ ಪಾದ ಪೆಡಲಿನ ಮೇಲೆ ಇದೆ ಎಂಬುದೇ ನನಗೆ ನೆನಪಾಗಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಇದ್ದವನನ್ನು ಹಾಜರು ಎಂದು ಒಂದು ದಿನವೂ ಬರೆದವನಲ್ಲ ನಾನು.

"ಇಲ್ಲರಿ," ಎಂದೆ. "ಅರ್ಧ ಹಲ್ಲು ಎತ್ತರ ಅನಸ್ತೈತಿ."

"ನನಗ ಗೊತ್ತಿತ್ತು!" ಅವರ ಕೈ ಅಂಗಿಯ ಜೇಬಿಗೆ ಹೋಯಿತು. ಪಾನಾ ಅಲ್ಲೇ ಇತ್ತು. ಮೂರು ತಿಂಗಳು ಕುರ್ಚಿಯಲ್ಲೇ ಕೂತು, ದಿನಾ ಬೇರೆ ಅಂಗಿ ಹಾಕಿಕೊಂಡರೂ ಜೇಬಿನಲ್ಲಿ ಅದು ಇತ್ತು. "ಇಲ್ಲೆ ತರ್ರಿ ಗಾಡಿ."

"ಮೆಟ್ಟಲಾ ಹೆಂಗ ಹತ್ತಿಸೂದ್ರಿ ಅದನ್ನ?"

ಅವರು ಮೆಟ್ಟಿಲನ್ನು ನೋಡಿದರು. ಗಾಡಿಯನ್ನು ನೋಡಿದರು. ಅಕ್ಕ ವಾಕರಿನ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹೆಗಲ ಮೇಲೆ ಹಾಕಿಕೊಂಡಳು. ವಾಕರನ್ನು ಒಂದು ಗೇಣು ಮುಂದೆ ಸರಿಸಿ, ತನಗೆ ಸಂಬಂಧವೇ ಇಲ್ಲದವಳ ಹಾಗೆ ಗೋಡೆಯ ಕಡೆ ತಿರುಗಿ ನಿಂತಳು.

ಭಾವನವರು ಎದ್ದರು. ಏಳುವಾಗ ಡಾಕ್ಟರರಿಗೆ ಬೈದರು, ವಾಕರಿಗೆ ಬೈದರು, ಮಿಸ್ತ್ರಿಗೆ ಎರಡು ಸಲ ಬೈದರು. ನಾನು ಪಕ್ಕದಲ್ಲಿ ಕೈ ಚಾಚಿಕೊಂಡು ನಡೆದೆ. ಎಷ್ಟೋ ವರ್ಷಗಳ ರೂಢಿ, ಬಾಯಿ ತಾನಾಗಿಯೇ ಒಂದು, ಎರಡು ಎನ್ನತೊಡಗಿತ್ತು.

"ಎಣಸಬ್ಯಾಡ್ರಿ ಮಾಸ್ತರ. ಇದು ಡ್ರಿಲ್ ಅಲ್ಲ, ಕೆಲಸ."

ಆದರೂ ಮನಸ್ಸಿನಲ್ಲಿ ಎಣಿಸಿದೆ. ಹದಿನಾಲ್ಕು ಹೆಜ್ಜೆ, ಎರಡು ಮೆಟ್ಟಿಲು. ಗಾಡಿಯ ಪಕ್ಕದಲ್ಲಿ ಒಂದು ಮಣೆ ಹಾಕಿ ಕೂರಿಸಿದೆವು. ಅವರು ಪೆಡಲು ಬಿಚ್ಚಿದರು, ಪಟ್ಟಿ ಸುಲಿದರು, ಒಂದು ಸುತ್ತು ಕತ್ತರಿಸಿ ತೆಗೆದರು, ನನ್ನನ್ನು ಗಾಡಿಯ ಮೇಲೆ ಕೂರಿಸಿ ಪಾದ ಹಿಡಿದು ನೋಡಿದರು. ಎತ್ತಿನ ಕಾಲು ಹಿಡಿದ ಹಾಗೆ ಹಿಡಿದಿದ್ದರು, ಒದ್ದರೂ ಬಿಡದ ಹಾಗೆ. ಹೆಬ್ಬೆರಳಿನಿಂದ ಸರಿಯಾಗಿ ನೋವಿದ್ದ ಜಾಗವನ್ನೇ ಒತ್ತಿ, "ಇಲ್ಲೇ ಅಲ್ಲೇನು?" ಎಂದರು. ಹೌದು ಎಂದೆ. ಆ ಮಾತನ್ನು ಮೊದಲ ಸಲ ಒಬ್ಬರಿಗೆ ಹೇಳಿದ್ದೆ.

ಅದಾಗಿ ಎಂಟು ಭಾನುವಾರಗಳಾದವು. ಈಗ ನಾನೂ ಒಂದು ಹತ್ತು ನಂಬರಿನ ಪಾನಾ ಇಟ್ಟುಕೊಂಡಿದ್ದೇನೆ. ಭಾನುವಾರ ಐದಕ್ಕೆ ಎದ್ದು, ಮನೆಯವರು ಏಳುವ ಮೊದಲು ಅಂಗಳಕ್ಕೆ ಬಂದು, ಚೆನ್ನಾಗಿರುವ ಗೇರ್ ಪೆಡಲನ್ನು ಬಿಚ್ಚಿ, ಒಂದು ಹಲ್ಲು ಏರಿಸಿ ಕೆಡಿಸಿ, ಬಿಗಿಯುತ್ತೇನೆ. ಇದಕ್ಕೆ ಐದು ನಿಮಿಷ. ಹೊರಡುವುದು ಏಳಕ್ಕೆ. ಗಾಡಿಯನ್ನು ಎರಡನೇ ವಾರ ಅವರ ಅಂಗಳದ ತುದಿಗೆ ನಿಲ್ಲಿಸಿದೆ. ಆಮೇಲೆ ಗೇಟಿನ ಹೊರಗೆ. ಆಮೇಲೆ ಎದುರುಮನೆಯ ಕಟ್ಟೆಯ ಹತ್ತಿರ. ಹೋದ ವಾರ ಓಣಿಯ ತಿರುವಿನಲ್ಲಿರುವ ಹಿಟ್ಟಿನ ಗಿರಣಿಯ ಮುಂದೆ. ಪ್ರತಿ ಸಲವೂ ಒಂದು ನೆವ ಹೇಳುತ್ತೇನೆ, ಕೆಸರು, ಬಿಸಿಲು, ನಾಯಿ. ವಾಕರು ಹೋಗಿ ಈಗ ಕೋಲು ಬಂದಿದೆ. ವಾಕರಿನ ಮೇಲೆ ಅಕ್ಕ ಮತ್ತೆ ಬಟ್ಟೆ ಒಣಹಾಕುತ್ತಿದ್ದಾಳೆ.

ಹೋದ ವಾರ ಗಿರಣಿಯ ಮುಂದೆ ಪೆಡಲು ಸರಿಮಾಡಿ, ಕೋಲೂರಿ ಎದ್ದು ನಿಂತು, ಪಾನಾ ಒರೆಸಿ ಜೇಬಿಗಿಡುತ್ತ ಭಾವನವರು ಹೇಳಿದರು:

"ನಿಮ್ಮ ಗಾಡಿ ಭಾಳ ಶಿಸ್ತಿಂದು ನೋಡ್ರಿ ಮಾಸ್ತರ. ಭಾನುವಾರಕ್ಕೊಮ್ಮೆ ಕೆಡತೈತಿ. ಒಂದ ಹಲ್ಲು, ಹೆಚ್ಚಿಲ್ಲ ಕಡಿಮಿಲ್ಲ."

"ಹಳೇ ಗಾಡಿರಿ," ಎಂದೆ.

"ಹೌದ್ರಿ, ಹಳೇವು ಹಂಗ," ಎಂದು ಅವರು ಮನೆಯ ಕಡೆ ತಿರುಗಿದರು. ಮುಂದಿನ ವಾರ ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಬಹುದೇ ಎಂದು ನಾನು ದೂರ ಅಳೆಯುತ್ತಿದ್ದೆ.

ಇಷ್ಟೇ ನಮ್ಮ ಈಗಿನ ಭಾನುವಾರ. ಹಾನಗಲ್ಲಿನಿಂದ ಹೋಗುವಾಗ ಎಡಪಾದ ದಾರಿಯುದ್ದಕ್ಕೂ ನೋಯುತ್ತದೆ. ಬರುವಾಗ ನೋಯುವುದಿಲ್ಲ.